ಅಲ್ಲಾಡುವ ಕುರ್ಚಿಗೆ ಯಾವ ಅಂಟು? ಮೊದಲು ಸಂದು ಅಳೆಯಿರಿ

ಊಟದ ಕುರ್ಚಿಯ ಹಿಂಗಾಲು ಅಲ್ಲಾಡತೊಡಗಿದರೆ ಮನೆಗಳಲ್ಲಿ ಆಗುವುದು ಎರಡರಲ್ಲೊಂದು. ಬಾಯಿಬಿಟ್ಟ ಜೋಡಣೆಗೆ ಮೇಲಿನಿಂದ ಬಿಳಿ ಅಂಟು ಸುರಿದು ಹಗ್ಗ ಕಟ್ಟಿಡುತ್ತಾರೆ, ಇಲ್ಲವೇ ಎರಡಿಂಚಿನ ಮೊಳೆ ಜಡಿಯುತ್ತಾರೆ. ಮೂರು ತಿಂಗಳಿಗೆ ಅದೇ ಅಲ್ಲಾಟ ಮರಳುತ್ತದೆ. ಮೊಳೆ ಹೊಡೆದಿದ್ದರೆ ಜೊತೆಗೆ ಕಾಲೂ ಸೀಳಿರುತ್ತದೆ. ಆಮೇಲೆ ಅಂಗಡಿಗೆ ಹೋಗಿ "ಇದಕ್ಕಿಂತ ಗಟ್ಟಿ ಅಂಟು ಕೊಡಿ" ಎಂದು ಕೇಳುತ್ತಾರೆ.

ಗಟ್ಟಿ ಅಂಟು ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಸರಿಯಾಗಿ ಕೂತ ಜೋಡಣೆಯಲ್ಲಿ ಸಾಮಾನ್ಯ ಬಿಳಿ ಅಂಟು ಕೂಡ ಮರಕ್ಕಿಂತ ಗಟ್ಟಿ. ಬಲವಾಗಿ ಎಳೆದರೆ ಅಂಟಿನ ಗೆರೆ ಉಳಿದು ಪಕ್ಕದ ಮರವೇ ಕಿತ್ತುಬರುತ್ತದೆ. ಹಾಗಾಗಿ ಆಯ್ಕೆಗೆ ಮುಂಚೆ ಕೇಳಬೇಕಾದ ಪ್ರಶ್ನೆಗಳು ಮೂರು: ಎರಡು ಮರದ ನಡುವೆ ಸಂದು ಎಷ್ಟಿದೆ, ಒಳಗೆ ಹಳೆಯ ಅಂಟು ಯಾವುದಿದೆ, ಮುಂದೊಂದು ದಿನ ಇದನ್ನು ಮತ್ತೆ ಬಿಚ್ಚಬೇಕಾಗುತ್ತದೆಯೇ. ಇವಕ್ಕೆ ಉತ್ತರ ಸಿಕ್ಕರೆ ಅಂಟನ್ನು ಆರಿಸುವುದು ಸುಲಭ.

ಇಲ್ಲಿ ಬಳಸುವ ಎರಡು ಮಾತು ಮೊದಲೇ ಹೇಳಿಬಿಡುತ್ತೇವೆ. ಕುರ್ಚಿಯ ಕಾಲಿನಲ್ಲಿ ಉಳಿಯಿಂದ ಕಡಿದ ಚೌಕ ತೂತು ಗೂಡು. ಅಡ್ಡಪಟ್ಟಿಯ ತುದಿಯನ್ನು ಸಣ್ಣದು ಮಾಡಿ ಗೂಡಿಗೆ ಕೂರಿಸುವ ಭಾಗ ನಾಲಿಗೆ.

ಜೋಡಣೆ ಸಡಿಲಾಗುವುದು ಹೇಗೆ

ಮರ ಗಾಳಿಯ ತೇವಕ್ಕೆ ತಕ್ಕಂತೆ ಉಬ್ಬುತ್ತದೆ, ಕುಗ್ಗುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ 85ರ ಆಸುಪಾಸಿನಲ್ಲಿದ್ದರೆ, ಅಂದರೆ ಕರಾವಳಿ, ಮಲೆನಾಡುಗಳ ಜುಲೈ ತಿಂಗಳಿನಲ್ಲಿ, ಒಳಗಿಟ್ಟ ಮರದಲ್ಲಿ ಕ್ರಮೇಣ ಶೇ 18ರಷ್ಟು ತೇವ ಸೇರುತ್ತದೆ. ಆರ್ದ್ರತೆ ಶೇ 40ಕ್ಕೆ ಇಳಿದರೆ ಅದೇ ಮರದ ತೇವ ಶೇ 7–8ಕ್ಕೆ ಬರುತ್ತದೆ. ಉದ್ದಕ್ಕೆ ಮರ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ; ಬದಲಾಗುವುದು ಅಗಲ. ಸ್ಥಿರವಾದ ಮರ ಎಂದು ಹೆಸರಾದ ತೇಗದಲ್ಲೂ, ಹಲಗೆ ಸಾದಾ ಕೊಯ್ತದ್ದಾದರೆ (ದಿಮ್ಮಿಯನ್ನು ಒಂದೇ ದಿಕ್ಕಿಗೆ ಸಾಲಾಗಿ ಸೀಳಿದ್ದಾದರೆ), ತೇವ ಶೇ 10ರಷ್ಟು ಏರಿಳಿದಾಗ ಅಗಲ ಸುಮಾರು ಶೇ 2 ಬದಲಾಗುತ್ತದೆ. 40 ಮಿ.ಮೀ. ಅಗಲದ ನಾಲಿಗೆಗೆ ಇದು ಮುಕ್ಕಾಲು ಮಿಲಿಮೀಟರ್.

ಮಳೆಗಾಲದಲ್ಲಿ ನಾಲಿಗೆ ಉಬ್ಬಲು ನೋಡುತ್ತದೆ, ಗೂಡಿನ ಗೋಡೆ ಬಿಡುವುದಿಲ್ಲ. ಆಗ ನಾಲಿಗೆಯ ಹೊರಪದರದ ಎಳೆಗಳು ಜಜ್ಜಿಹೋಗುತ್ತವೆ. ಬೇಸಿಗೆಯಲ್ಲಿ ಒಣಗಿದಾಗ ನಾಲಿಗೆ ಮೊದಲಿದ್ದದ್ದಕ್ಕಿಂತ ಚಿಕ್ಕದಾಗುತ್ತದೆ. ಹತ್ತಿಪ್ಪತ್ತು ಮಳೆಗಾಲ ಹೀಗೆ ಕಳೆದ ಮೇಲೆ ಅಂಟಿನ ಪದರ ಒಡೆಯುತ್ತದೆ. ಕೂತವರು ಹಿಂದಕ್ಕೆ ವಾಲುವುದರಿಂದ ಉಳಿದದ್ದೂ ಬಿಡುತ್ತದೆ. ಅದಕ್ಕೇ ಮೊದಲು ಸಡಿಲಾಗುವುದು ಹಿಂಗಾಲಿಗೂ ಪಕ್ಕದ ಅಡ್ಡಪಟ್ಟಿಗೂ ಇರುವ ಜೋಡಣೆ. ನಿಮ್ಮ ಕುರ್ಚಿಯಲ್ಲೂ ಅಲ್ಲೇ ನೋಡಿ.

ಬಿಚ್ಚದೆ ಅಂಟು ಹಾಕಬೇಡಿ

ಮೇಲಿನಿಂದ ಸುರಿದ ಅಂಟು ಗೂಡಿನ ಬಾಯಲ್ಲೇ ನಿಲ್ಲುತ್ತದೆ. ಸಿರಿಂಜಿನಿಂದ ಒಳಗೆ ತಳ್ಳಿದರೂ ಅದು ಹೋಗಿ ಕೂರುವುದು ಹಳೆಯ ಅಂಟಿನ ಮೇಲೆ, ದೂಳಿನ ಮೇಲೆ. ಒಂದು ಜೋಡಣೆ ಸಡಿಲಾಗಿದ್ದರೆ ಉಳಿದವನ್ನೂ ಕೈಯಿಂದ ತಿರುಚಿ ನೋಡಿ, ಸಡಿಲಾದವನ್ನೆಲ್ಲ ಬಿಚ್ಚಿ. ಗಟ್ಟಿಯಾಗಿರುವುದನ್ನು ಮುಟ್ಟಬೇಡಿ.

ಬಿಚ್ಚುವ ಮುನ್ನ ಪ್ರತಿ ಭಾಗಕ್ಕೂ ಕಾಗದದ ಟೇಪ್ ಅಂಟಿಸಿ ಗುರುತು ಬರೆಯಿರಿ: ಎಡ-ಹಿಂದೆ-ಮೇಲೆ, ಬಲ-ಮುಂದೆ-ಕೆಳಗೆ ಹೀಗೆ. ಕೈಯಲ್ಲಿ ಮಾಡಿದ ಕುರ್ಚಿಯಲ್ಲಿ ಒಂದು ನಾಲಿಗೆ ಇನ್ನೊಂದರ ಗೂಡಿಗೆ ಕೂರುವುದಿಲ್ಲ. ಆಮೇಲೆ ಬಿದಿರು ಮೊಳೆ, ಕಬ್ಬಿಣದ ಮೊಳೆ ಅಡಗಿದೆಯೇ ಎಂದು ಹುಡುಕಿ. ಪುಟ್ಟಿ ತುಂಬಿದ ಚುಕ್ಕೆ ಕಂಡರೆ ಅದರ ಹಿಂದೆ ಮೊಳೆ ಇದ್ದೀತು. ಅದನ್ನು ತೆಗೆಯದೆ ಕೊಡತಿಯಿಂದ ಹೊಡೆದರೆ ನಾಲಿಗೆ ಮುರಿಯುತ್ತದೆ. ಹೊಡೆಯುವಾಗ ಗೋಣಿ ಅಥವಾ ಹಳೆಯ ಟವಲ್ ಮಡಿಸಿಟ್ಟು, ಜೋಡಣೆಗೆ ಆದಷ್ಟು ಹತ್ತಿರ ಹೊಡೆಯಿರಿ.

ಬಿಚ್ಚಿದ ಮೇಲೆ ಹಳೆಯ ಅಂಟಿನ ಚೂರನ್ನು ಉಗುರಿನಿಂದ ಕೆರೆದು ನೋಡಿ. ಜೇನಿನ ಬಣ್ಣ, ಗಾಜಿನ ಚೂರಿನಂತೆ ಪುಡಿಯಾಗುತ್ತದೆ, ಬಿಸಿನೀರಿನ ಹನಿ ಬಿಟ್ಟು ಐದು ನಿಮಿಷ ಕಾದರೆ ಬೆರಳಿಗೆ ಜಿಗುಟು ಹತ್ತುತ್ತದೆ ಎಂದರೆ ಅದು ಸರೇಸು, ಪ್ರಾಣಿಯ ಚರ್ಮ ಮತ್ತು ಮೂಳೆಯಿಂದ ಕಾಯಿಸಿದ ಅಂಟು. ಫೆವಿಕಾಲ್ ಮಾರುಕಟ್ಟೆಗೆ ಬಂದದ್ದು 1959ರಲ್ಲಿ; ಅದಕ್ಕೂ ಹಳೆಯದಾದ ಮರದ ಸಾಮಾನಿನಲ್ಲಿ ಸಾಮಾನ್ಯವಾಗಿ ಇರುವುದು ಸರೇಸೇ. ನೀರು ಬಿದ್ದಾಗ ಬೆಳ್ಳಗಾಗಿ ರಬ್ಬರಿನಂತೆ ಮೆತ್ತಗಾದರೆ ಅದು ಬಿಳಿ ಅಂಟು. ನೀರಿಗೆ ಏನೂ ಆಗದೆ ಕಲ್ಲಿನಂತಿದ್ದರೆ ಯಾರೋ ಮೊದಲೇ ಎಪಾಕ್ಸಿ, ಅಂದರೆ ಎರಡು ಟ್ಯೂಬಿನಿಂದ ಬೆರೆಸಿ ಹಚ್ಚುವ ಅಂಟು, ಹಾಕಿದ್ದಾರೆ.

ಗುರುತಿಸುವುದಕ್ಕೆ ಕಾರಣವಿದೆ. ಹೊಸ ಸರೇಸು ಹಳೆಯ ಸರೇಸಿನೊಂದಿಗೆ ಕರಗಿ ಒಂದಾಗುತ್ತದೆ. ಒಣಗಿದ ಬಿಳಿ ಅಂಟಿನ ಮೇಲೆ ಹೊಸ ಬಿಳಿ ಅಂಟು ಸರಿಯಾಗಿ ಹಿಡಿಯುವುದಿಲ್ಲ, ಬೇರೆ ಅಂಟುಗಳೂ ಅಷ್ಟಾಗಿ ಹಿಡಿಯುವುದಿಲ್ಲ. ದುರಸ್ತಿ ಮೂರು ತಿಂಗಳಿಗೆ ಕೈಕೊಡುವುದು ಹೆಚ್ಚಾಗಿ ಇದರಿಂದಲೇ.

ಬಿಳಿ ಅಂಟು ತೆಗೆಯಲು ಬಿಸಿ ಮಾಡಿದ ವಿನೆಗರ್ ಸವರಿ ಅರ್ಧ ಗಂಟೆ ಬಿಡಿ. ಮೆತ್ತಗಾದದ್ದನ್ನು ಉಳಿಯನ್ನು ನೆಟ್ಟಗೆ ಹಿಡಿದು ಕೆರೆಯಿರಿ, ಒದ್ದೆ ಬಟ್ಟೆಯಿಂದ ಒರೆಸಿ ಒಂದು ದಿನ ಒಣಗಿಸಿ. ಸರೇಸಿಗೆ ಬಿಸಿನೀರಿನ ಬಟ್ಟೆ ಸಾಕು. ಉಪ್ಪುಕಾಗದದಿಂದ ನಾಲಿಗೆಯನ್ನು ಗಸಗಸ ಉಜ್ಜಬೇಡಿ; ಅಂಚು ದುಂಡಗಾಗಿ, ಕಡಿಮೆ ಮಾಡಬೇಕಿದ್ದ ಸಂದನ್ನು ನೀವೇ ಹೆಚ್ಚಿಸಿದಂತಾಗುತ್ತದೆ.

ಕಾಗದದ ಅಳತೆ

ಕಚೇರಿಗಳಲ್ಲಿ ಬಳಸುವ ಸಾಧಾರಣ ಎ4 ಹಾಳೆಯ ದಪ್ಪ ಸುಮಾರು 0.1 ಮಿ.ಮೀ. ನಾಲಿಗೆಯಷ್ಟೇ ಅಗಲದ ಪಟ್ಟಿಗಳನ್ನು ಕತ್ತರಿಸಿಕೊಳ್ಳಿ. ಸ್ವಚ್ಛ ಮಾಡಿದ ನಾಲಿಗೆಯನ್ನು ಒಣಗಿದ್ದಂತೆಯೇ ಗೂಡಿಗೆ ತಳ್ಳಿ ನೋಡಿ, ಆಮೇಲೆ ಒಂದು ಮುಖಕ್ಕೆ ಒಂದೊಂದೇ ಪಟ್ಟಿ ಸೇರಿಸುತ್ತ ಮತ್ತೆ ತಳ್ಳಿ.

ಕಾಗದವಿಲ್ಲದೆ ಅಂಗೈಯಿಂದ ಒತ್ತಿದರೆ ಬಿಗಿಯಾಗಿ ಹೋಗುತ್ತದೆ, ಒಂದು ಪಟ್ಟಿ ಇಟ್ಟರೆ ಕೊಡತಿ ಬೇಕಾಗುತ್ತದೆ ಎಂದಾದರೆ ಅದು ಬಿಳಿ ಅಂಟಿಗೆ ಹೇಳಿ ಮಾಡಿಸಿದ ಜೋಡಣೆ. ಎರಡರಿಂದ ಐದು ಪಟ್ಟಿ ಹಿಡಿಸಿದರೆ ಬಿಳಿ ಅಂಟನ್ನೇ ಬಳಸಬಹುದು, ಆದರೆ ಮೊದಲು ನಾಲಿಗೆಯನ್ನು ದಪ್ಪ ಮಾಡಬೇಕು. ಐದಕ್ಕಿಂತ ಹೆಚ್ಚಾದರೆ, ಅಥವಾ ಗೂಡಿನ ಗೋಡೆ ಹುಳು ತಿಂದು, ಮೊಳೆ ಕಿತ್ತು ಒರಟಾಗಿದ್ದರೆ ಎಪಾಕ್ಸಿಯ ಕಡೆ ನೋಡಿ.

ದಪ್ಪ ಮಾಡುವ ಕೆಲಸ ಹೀಗೆ. ಅದೇ ಜಾತಿಯ ಮರದಿಂದ ಹತ್ತರಿಯಲ್ಲಿ (ಮರ ಹೆರೆಯುವ ಉಪಕರಣದಲ್ಲಿ) ಉದ್ದ ಸುರುಳಿ ತೆಗೆಯಿರಿ, ಅಥವಾ ಅರ್ಧ ಮಿ.ಮೀ. ವೆನೀರಿನ (ತೆಳು ಮರದ ಹಾಳೆಯ) ತುಂಡು ತನ್ನಿ. ನಾಲಿಗೆಯ ಎರಡು ಅಗಲದ ಮುಖಗಳಿಗೂ ಸಮವಾಗಿ, ಎಳೆ ನಾಲಿಗೆಯ ಉದ್ದಕ್ಕೇ ಇರುವಂತೆ ಅಂಟಿಸಿ. ಒಂದೇ ಕಡೆ ಅಂಟಿಸಿದರೆ ಅಡ್ಡಪಟ್ಟಿ ಮಧ್ಯದಿಂದ ಸರಿಯುತ್ತದೆ, ಜೋಡಿಸುವಾಗ ಕುರ್ಚಿ ಸೊಟ್ಟಗಾಗುತ್ತದೆ. ಪಾಲಿಥೀನ್ ಹಾಳೆ ಸುತ್ತಿ, ಎರಡು ಕಡೆ ಹಲಗೆ ತುಂಡು ಇಟ್ಟು ಕ್ಲ್ಯಾಂಪ್ ಬಿಗಿದು ರಾತ್ರಿಯಿಡೀ ಬಿಡಿ. ಮರುದಿನ ಉಳಿಯಿಂದ ಸ್ವಲ್ಪಸ್ವಲ್ಪ ಕೆರೆದು ಗೂಡಿಗೆ ಹೊಂದಿಸಿ. ಒಂದು ಕುರ್ಚಿಗೆ ಒಂದು ಸಂಜೆ ಹೆಚ್ಚಿಗೆ ಹಿಡಿಯುತ್ತದೆ. ಆದರೂ ಎಪಾಕ್ಸಿಯಿಂದ ಸಂದು ತುಂಬುವುದಕ್ಕಿಂತ ಇದೇ ನಮಗೆ ಮೇಲು. ಹೀಗೆ ಸೇರಿಸಿದ ಮರ ನಾಲಿಗೆಯ ಜೊತೆಗೇ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ.

ಬಿಳಿ ಅಂಟು: ಹತ್ತರಲ್ಲಿ ಎಂಟು ಕೆಲಸಕ್ಕೆ ಇದೇ

ಫೆವಿಕಾಲ್ ಎಸ್‌ಎಚ್ ಮತ್ತು ಅದರಂಥ ಪಿವಿಎ (ಪಾಲಿವಿನೈಲ್ ಅಸಿಟೇಟ್) ಅಂಟುಗಳು ಗಟ್ಟಿಯಾಗುವುದು ತಮ್ಮಲ್ಲಿರುವ ನೀರು ಮರಕ್ಕೂ ಗಾಳಿಗೂ ಹೋದಾಗ. ನೀರು ಹೋದಂತೆ ಅಂಟು ಕುಗ್ಗುತ್ತದೆ. ತೆಳುವಾದ ಪದರದಲ್ಲಿ ಇದು ತೊಂದರೆ ಕೊಡುವುದಿಲ್ಲ, ದಪ್ಪ ಪದರ ಒಳಗೆ ಟೊಳ್ಳಾಗುತ್ತದೆ. ಸಂದು ತುಂಬಲು ಬಿಳಿ ಅಂಟಿಗೆ ಮರದ ಪುಡಿ ಕಲಸುವುದು ನೋಡಲು ಚೆಂದ, ಬಲ ಸಿಗುವುದಿಲ್ಲ. ಗೀರು ಮುಚ್ಚಲು ಮಾತ್ರ ಇರಲಿ.

ಚದರ ಮೀಟರಿಗೆ 150ರಿಂದ 200 ಗ್ರಾಂ ಅಂಟು ಸಾಕು. ಎಂಟು ಜೋಡಣೆಯ ಒಂದು ಕುರ್ಚಿಗೆ, ಪೋಲಾಗುವುದೂ ಸೇರಿ, 20–25 ಗ್ರಾಂ. ನಾಲಿಗೆಗೂ ಸವರಿ, ಗೂಡಿನ ಗೋಡೆಗೂ ಸವರಿ. ಗೂಡಿನ ತಳದಲ್ಲಿ ಅಂಟಿನ ಹೊಂಡ ಬಿಡಬೇಡಿ. ನಾಲಿಗೆ ಒಳಗೆ ಬಂದಾಗ ಅಂಟಿಗೆ ಹೋಗಲು ಜಾಗವಿಲ್ಲದೆ ಕಾಲು ಸೀಳಬಹುದು. ಭುಜದ (ನಾಲಿಗೆಯ ಬುಡದಲ್ಲಿ ಕಾಲಿಗೆ ತಾಗುವ ಅಂಚಿನ) ಸುತ್ತ ಸಣ್ಣ ಮುತ್ತಿನಂತೆ ಸಾಲಾಗಿ ಅಂಟು ಹೊರಬಂದರೆ ಪ್ರಮಾಣ ಸರಿಯಿದೆ. ಏನೂ ಬಾರದಿದ್ದರೆ ಅಂಟು ಕಡಿಮೆಯಾಗಿದೆ. ಧಾರೆಯಾಗಿ ಇಳಿದರೆ ಹೆಚ್ಚಾಗಿದೆ.

ಸವರಿದ ಮೇಲೆ ಕೂಡಿಸಲು ಸಿಗುವ ಸಮಯ ಸುಮಾರು 5ರಿಂದ 10 ನಿಮಿಷ. ಕಲಬುರಗಿ, ಬಳ್ಳಾರಿ ಕಡೆಯ ಏಪ್ರಿಲ್ ಮಧ್ಯಾಹ್ನದಲ್ಲಿ ಅಷ್ಟೂ ಸಿಗುವುದಿಲ್ಲ. ಅಂಟಿನ ಮೇಲೆ ಕೆನೆ ಕಟ್ಟಿದ್ದರೆ ಕೆರೆದು ಹೊಸದು ಹಾಕಿ, ಇಲ್ಲವೇ ಬೆಳಿಗ್ಗೆ ಬೇಗ ಕೆಲಸ ಮುಗಿಸಿ. ಜುಲೈನಲ್ಲಿ ಮಂಗಳೂರು, ಶಿವಮೊಗ್ಗದ ಕಡೆ ತೊಂದರೆ ಇದರ ತಿರುವುಮುರುವು: ಮರವೇ ತೇವವಾಗಿದ್ದು ಅಂಟಿನ ನೀರು ಹೋಗಲು ದಾರಿಯಿರುವುದಿಲ್ಲ. ಕ್ಲ್ಯಾಂಪನ್ನು ಇಡೀ ರಾತ್ರಿ ಬಿಡಿ, ಎರಡು ದಿನ ಯಾರೂ ಕೂರಬಾರದು. ಬೇರೆ ಕಾಲದಲ್ಲಿ 24 ಗಂಟೆ ಸಾಕು.

ಎಸ್‌ಎಚ್ ತೆಗೆದುಕೊಳ್ಳಬೇಕೋ, ನೀರು ತಡೆಯುವ ಮೆರೈನ್ ತರಹದ್ದೋ? ಬಿಳಿ ಅಂಟುಗಳ ನೀರು ತಾಳುವ ಗುಣಕ್ಕೆ ಯುರೋಪಿನ ಇಎನ್ 204 ಮಾನದಂಡದಲ್ಲಿ ಡಿ1ರಿಂದ ಡಿ4ರವರೆಗೆ ದರ್ಜೆಗಳಿವೆ. ಡಿ3 ಎಂದರೆ ಅಂಟಿಸಿದ ತುಂಡು ನಾಲ್ಕು ದಿನ ನೀರಿನಲ್ಲಿದ್ದ ಮೇಲೂ ಚದರ ಮಿ.ಮೀ.ಗೆ ಕನಿಷ್ಠ 2 ನ್ಯೂಟನ್ ಬಲ ತಾಳಬೇಕು. ಡಬ್ಬದ ಮೇಲೆ ಡಿ3 ಎಂದಿದ್ದರೆ ಅಡುಗೆಮನೆಯ ಸ್ಟೂಲು, ಬಚ್ಚಲಿನ ಪಕ್ಕದ ಬಾಗಿಲು, ದಿನವೂ ಒರೆಸುವ ಊಟದ ಮೇಜಿಗೆ ಅದನ್ನೇ ಆರಿಸಿ. ಹಜಾರದ ಕುರ್ಚಿಗೆ ಸಾದಾ ಅಂಟು ಸಾಕು. ಕರಾವಳಿಯವರು ಎಲ್ಲದಕ್ಕೂ ಡಿ3 ಬಳಸುವುದು ದುಂದುಗಾರಿಕೆಯಲ್ಲ.

ಬಿಳಿ ಅಂಟಿಗೆ ಎರಡು ದೌರ್ಬಲ್ಯಗಳಿವೆ. ಒಂದು, ಸದಾ ಒಂದೇ ಕಡೆಗೆ ಭಾರ ಬೀಳುತ್ತಿದ್ದರೆ ಅದು ನಿಧಾನಕ್ಕೆ ಜಾರುತ್ತದೆ. ಬಾಗಿಸಿ ಅಂಟಿಸಿದ ಪಟ್ಟಿಗಳಲ್ಲಿ ಇದು ಕಾಣುತ್ತದೆ. ಎರಡು, ಬಿಸಿಗೆ ಮೆತ್ತಗಾಗುತ್ತದೆ. ಕಪ್ಪು ಬಣ್ಣ ಬಳಿದು ಬಿಸಿಲಿಗಿಟ್ಟ ಬೆಂಚಿಗೆ ಇದು ಸಲ್ಲ. ಮುಂದೊಂದು ದಿನ ಬಿಚ್ಚಬೇಕಾದಾಗ ಈ ಎರಡನೆಯ ದೌರ್ಬಲ್ಯವೇ ನೆರವಾಗುತ್ತದೆ: ಹೇರ್ ಡ್ರೈಯರ್ ಅಥವಾ ಹೀಟ್ ಗನ್‌ನಿಂದ ಕಾಯಿಸಿದರೆ ಜೋಡಣೆ ಬಿಡುತ್ತದೆ.

ತೇಗ, ಬೀಟೆಯಲ್ಲಿ ಸಹಜವಾದ ಎಣ್ಣೆ ಅಂಶವಿದೆ. ಅಂಟಿಸುವ ಸ್ವಲ್ಪ ಮೊದಲು 120ನೇ ನಂಬರಿನ ಉಪ್ಪುಕಾಗದವನ್ನು ಎರಡೇ ಸಲ ಎಳೆದು, ಅಸಿಟೋನ್ ಹಾಕಿದ ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆಗೆ ಕಂದು ಬಣ್ಣ ಹತ್ತುವುದು ನಿಲ್ಲುವವರೆಗೆ ಬಟ್ಟೆ ಬದಲಿಸುತ್ತಿರಿ. ಅಸಿಟೋನ್ ಆರಿದ ಕೂಡಲೇ ಅಂಟು ಹಾಕಿ. ನಾಳೆಗೆ ಬಿಟ್ಟರೆ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಎಣ್ಣೆ, ನೀರು ಬೆರೆತಿರುವುದುಂಟು, ಅದು ಬೇಡ. ಹಲಸು, ಬೇವು, ಸಿಲ್ವರ್ ಓಕ್‌ಗೆ ಈ ಉಪಚಾರ ಬೇಕಿಲ್ಲ.

ಎಪಾಕ್ಸಿ: ಮರ ಕೊರೆಯಾದಲ್ಲಿ

ಅರಾಲ್ಡೈಟ್‌ನಂಥ ಎರಡು ಟ್ಯೂಬಿನ ಅಂಟು ಒಣಗುವುದಲ್ಲ, ರಾಸಾಯನಿಕವಾಗಿ ಗಟ್ಟಿಯಾಗುವುದು. ನೀರು ಆವಿಯಾಗಬೇಕಿಲ್ಲದ್ದರಿಂದ ಹೆಚ್ಚೇನೂ ಕುಗ್ಗುವುದಿಲ್ಲ. ಒಂದೆರಡು ಮಿ.ಮೀ. ಸಂದನ್ನೂ ತುಂಬಿ ಬಲ ಕೊಡುತ್ತದೆ. ಹುಳು ತಿಂದ ಗೂಡು, ಚೂರಾಗಿ ಭಾಗ ಕಳೆದುಹೋದ ನಾಲಿಗೆ, ಮರಕ್ಕೆ ಲೋಹ ಕೂರಿಸುವುದು, ಮಳೆಗೆ ನೆನೆಯುವ ಬಾಗಿಲಿನ ಬುಡ ಇವೆಲ್ಲ ಎಪಾಕ್ಸಿಯ ಕೆಲಸಗಳು.

ಐದು ನಿಮಿಷಕ್ಕೆ ಹಿಡಿಯುವ ಬಗೆಯನ್ನು ಕುರ್ಚಿಗೆ ಬಳಸಬೇಡಿ. ನಿಧಾನದ ಬಗೆಗಿಂತ ಅದರ ಬಲ ಕಡಿಮೆ, ನೀರಿಗೂ ಅಷ್ಟು ತಾಳುವುದಿಲ್ಲ, ಎಂಟು ಜೋಡಣೆ ಕೂಡಿಸುವಷ್ಟರಲ್ಲಿ ಕೈಯಲ್ಲೇ ಕಲ್ಲಾಗುತ್ತದೆ. ಒಂದು ಗಂಟೆಗೂ ಮೀರಿ ಕೆಲಸ ಮಾಡಲು ಬಿಡುವ ನಿಧಾನದ ಬಗೆಯನ್ನೇ ತನ್ನಿ. ಸೆಖೆ ಹತ್ತು ಡಿಗ್ರಿ ಏರಿದರೆ ಗಟ್ಟಿಯಾಗುವ ವೇಗ ಸುಮಾರು ಇಮ್ಮಡಿ ಎಂಬುದು ನೆನಪಿರಲಿ.

ಪ್ಯಾಕಿನ ಮೇಲೆ ಬರೆದ ಅನುಪಾತದಲ್ಲೇ ಬೆರೆಸಿ, ಗಡಿಯಾರ ನೋಡಿಕೊಂಡು ಎರಡು ಮೂರು ನಿಮಿಷ ಕಲಸಿ. ಹಾರ್ಡ್‌ನರ್ (ಗಟ್ಟಿಯಾಗಿಸುವ ಎರಡನೆಯ ಟ್ಯೂಬಿನದು) ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುತ್ತದೆ ಎಂಬ ನಂಬಿಕೆ ತಪ್ಪು. ಹೆಚ್ಚಾದ ಭಾಗಕ್ಕೆ ಜೋಡಿ ಸಿಗದೆ ಅಂಟು ವಾರವಾದರೂ ಮೆತ್ತಗೇ ಉಳಿಯುತ್ತದೆ. ಮೊದಲು ಬರೀ ಎಪಾಕ್ಸಿಯನ್ನು ಎರಡೂ ಮುಖಕ್ಕೆ ಸವರಿ ಹತ್ತು ನಿಮಿಷ ಬಿಡಿ, ಒಣಗಿ ಹಳೆಯದಾದ ಮರ ಅದನ್ನು ಹೀರಿಕೊಳ್ಳಲಿ. ಉಳಿದದ್ದಕ್ಕೆ ಉಪ್ಪುಕಾಗದದಿಂದ ಬಂದ ನುಣುಪು ಮರದ ಪುಡಿಯನ್ನು ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ ಆಮೇಲೆ ಹಚ್ಚಿ. ಈ ಮೊದಲ ಕೈ ಬಿಟ್ಟರೆ ಗಟ್ಟಿ ಹಿಟ್ಟಿನೊಳಗಿನ ಅಂಟನ್ನೆಲ್ಲ ಮರ ಎಳೆದುಕೊಂಡು ಮೇಲೆ ಬರೀ ಪುಡಿ ಉಳಿಯುತ್ತದೆ.

ಕ್ಲ್ಯಾಂಪನ್ನು ಬಿಳಿ ಅಂಟಿಗೆ ಬಿಗಿದಂತೆ ಬಿಗಿಯಬೇಡಿ. ಭಾಗಗಳು ಅಲುಗದಂತೆ ಹಿಡಿದರೆ ಸಾಕು. ಬಿಗಿದರೆ ಅಂಟೆಲ್ಲ ಹೊರಗೆ ಬರುತ್ತದೆ. ಒಂದೇ ಲೋಟದಲ್ಲಿ ಹೆಚ್ಚು ಕಲಸಿಡಬೇಡಿ, ತನ್ನದೇ ಬಿಸಿಗೆ ಹೊಗೆಯಾಡುವಷ್ಟು ಕಾಯಬಹುದು. ನೈಟ್ರೈಲ್ ಕೈಗವಸು ಹಾಕಿ. ಬರಿಗೈಗೆ ಪದೇಪದೇ ತಾಗಿದರೆ ಅಲರ್ಜಿ ಹುಟ್ಟಬಹುದು, ಒಮ್ಮೆ ಹುಟ್ಟಿದರೆ ಅದು ಹೋಗುವುದಿಲ್ಲ.

ಎಪಾಕ್ಸಿಯ ದೊಡ್ಡ ಕೊರತೆ ಮುಂದಿನವರಿಗೆ ಬಿಡುವ ತೊಂದರೆ. ಅದನ್ನು ಬಿಚ್ಚಲು ಬಿಸಿಯೊಂದೇ ದಾರಿ. ಅದು ಮೆತ್ತಗಾಗುವಷ್ಟರಲ್ಲಿ ಪಾಲಿಶ್ ಗುಳ್ಳೆ ಏಳುತ್ತದೆ. ಅಜ್ಜಿ ಕಾಲದ ಬೀಟೆ ಕುರ್ಚಿಗೆ, ತೊಟ್ಟಿಲಿಗೆ ಎಪಾಕ್ಸಿ ಹಾಕುವ ಮುನ್ನ ಎರಡು ಸಲ ಯೋಚಿಸಿ.

ಸರೇಸು: ಹಳೆಯ ಸಾಮಾನಿಗೆ ಇದರ ಸಾಟಿ ಇಲ್ಲ

ಸರೇಸನ್ನು ಈಗ ಹೆಚ್ಚಿನವರು ಮರೆತಿದ್ದಾರೆ. ಆದರೆ ಸರೇಸಿನಿಂದ ಕೂಡಿಸಿದ ಹಳೆಯ ಜೋಡಣೆಯನ್ನು ದುರಸ್ತಿ ಮಾಡಲು ಇದಕ್ಕಿಂತ ಸುಲಭದ ದಾರಿಯಿಲ್ಲ: ಹಳೆಯ ಅಂಟನ್ನು ಪೂರ್ತಿ ಕೆರೆಯಬೇಕಾಗಿಲ್ಲ, ಸಡಿಲಾದದ್ದನ್ನು ಒರೆಸಿ ಹೊಸದು ಸವರಿದರೆ ಎರಡೂ ಬೆಸೆಯುತ್ತವೆ. ಐವತ್ತು ವರ್ಷದ ನಂತರ ಇನ್ನೊಬ್ಬರು ಬಿಸಿನೀರು, ಆವಿ ಕೊಟ್ಟು ಅದನ್ನು ಮತ್ತೆ ಬಿಚ್ಚಬಹುದು.

ಒಂದು ಕುರ್ಚಿಗೆ 50 ಗ್ರಾಂ ಸರೇಸಿನ ಹರಳಿಗೆ 90 ಮಿ.ಲೀ. ತಣ್ಣೀರು ಹಾಕಿ ಎರಡು ಗಂಟೆ ನೆನೆಸಿ. ಚಪ್ಪಟೆ ಬಿಲ್ಲೆಯ ರೂಪದ್ದಾದರೆ ಒಡೆದು ರಾತ್ರಿಯಿಡೀ ನೆನೆಯಲಿ. ಉಬ್ಬಿದ ಅಂಟಿನ ಪಾತ್ರೆಯನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು 60 ಡಿಗ್ರಿಗೆ ತನ್ನಿ. ನೇರ ಉರಿ ಬೇಡ, ಕುದಿಯಲೇಬಾರದು. ಕುದಿದರೆ ಬಲ ಕಳೆದುಕೊಳ್ಳುತ್ತದೆ. ಬ್ರಷ್ ಎತ್ತಿ ಹಿಡಿದಾಗ ಹನಿಯಾಗದೆ ತೆಳು ಜೇನಿನಂತೆ ಎಳೆಯಾಗಿ ಇಳಿದರೆ ಹದ ಸರಿ.

ತಣ್ಣಗಿನ ಮರಕ್ಕೆ ಸವರಿದರೆ ಒಂದೇ ನಿಮಿಷಕ್ಕೆ ಜೆಲ್ಲಿಯಾಗುತ್ತದೆ. ಅದಕ್ಕೆ ನಾಲಿಗೆ, ಗೂಡುಗಳನ್ನು ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿಕೊಳ್ಳಿ. ಇನ್ನಷ್ಟು ಸಮಯ ಬೇಕಿದ್ದರೆ ಒಣ ಅಂಟಿನ ತೂಕದ ಶೇ 10ರಷ್ಟು ಯೂರಿಯಾ, ಅಂದರೆ ಇಲ್ಲಿ 5 ಗ್ರಾಂ ಕರಗಿಸಿ.

ತೇವಕ್ಕೆ ಸರೇಸು ತಾಳುವುದಿಲ್ಲ. ಗೋಡೆ ಬೆವರುವ ಮನೆಯಲ್ಲಿ, ಜಗಲಿಯಲ್ಲಿಡುವ ಕುರ್ಚಿಗೆ ಇದು ಬೇಡ. ಇನ್ನೊಂದು ಮಾತು: ಇದು ಪ್ರಾಣಿಮೂಲದ್ದು. ದೇವರ ಮಂಟಪ, ಪೂಜೆಯ ಮಣೆಗೆ ಅನೇಕ ಮನೆಗಳಲ್ಲಿ ಒಪ್ಪುವುದಿಲ್ಲ. ಕೇಳದೆ ಬಳಸುವುದು ತಪ್ಪು.

ಸರೇಸಿನ ಜೋಡಣೆ ಅರ್ಧ ಬಿಟ್ಟು ಅರ್ಧ ಬಿಡದಿದ್ದರೆ, ಸಿರಿಂಜಿನಿಂದ ಸಂದಿಗೆ ಸ್ಪಿರಿಟ್ ಬಿಡಿ. ಅಂಟಿನಲ್ಲಿ ಉಳಿದ ನೀರನ್ನು ಸ್ಪಿರಿಟ್ ಎಳೆದುಕೊಂಡು ಅಂಟು ಪೆಡಸಾಗುತ್ತದೆ. ಹತ್ತು ನಿಮಿಷ ಬಿಟ್ಟು ಕೊಡತಿಯಿಂದ ತಟ್ಟಿದರೆ ಕಳಚುತ್ತದೆ. ಆದರೆ ಹಳೆಯ ಫ್ರೆಂಚ್ ಪಾಲಿಶ್ ಅರಗಿನಿಂದ ಮಾಡಿದ್ದು, ಸ್ಪಿರಿಟ್ ಅದನ್ನೂ ಕರಗಿಸುತ್ತದೆ. ಸುತ್ತ ಮೇಣ ಸವರಿ ಕಾಪಾಡಿ. ಹತ್ತಿರ ದೀಪ, ಒಲೆ ಇರಬಾರದು.

ಉಳಿದವು, ಚುಟುಕಾಗಿ

ಫೆವಿಕ್ವಿಕ್ ಜಾತಿಯ ಅಂಟು ಗಟ್ಟಿಯಾದರೂ ಪೆಡಸು, ಪೆಟ್ಟು ತಾಳುವುದಿಲ್ಲ. ಎದ್ದ ಚಕ್ಕೆ, ವೆನೀರಿನ ಮೂಲೆ, ಕೆತ್ತನೆಯಿಂದ ಉದುರಿದ ಹೂವಿನೆಸಳಿಗೆ ಸರಿ. ಹತ್ತಿ ಬಟ್ಟೆಗೆ ಚೆಲ್ಲಿದರೆ ಚರ್ಮ ಸುಡುವಷ್ಟು ಬಿಸಿಯಾಗುತ್ತದೆ. ಲುಂಗಿ, ಪಂಚೆ ಉಟ್ಟು ಕೆಲಸ ಮಾಡುವವರು ಗಮನಿಸಿ.

ಫೆವಿಕಾಲ್ ಎಸ್‌ಆರ್ ತರಹದ ರಬ್ಬರ್ ಅಂಟು ಪ್ಲೈವುಡ್‌ಗೆ ಸನ್ಮೈಕ ಹಚ್ಚಲು ಇರುವಂಥದ್ದು. ಎರಡೂ ಕಡೆ ಸವರಿ, ಬೆರಳಿಗೆ ಹತ್ತದಷ್ಟು ಆರಲು ಬಿಟ್ಟು ಒತ್ತಬೇಕು. ಕುರ್ಚಿಯ ಜೋಡಣೆಗೆ ಇದನ್ನು ಹಾಕಲೇಬಾರದು, ಭಾರ ಬಿದ್ದಂತೆಲ್ಲ ರಬ್ಬರ್ ಜಾರುತ್ತಲೇ ಇರುತ್ತದೆ.

ನೊರೆ ಬರುವ ಪಾಲಿಯುರೆಥೇನ್ ಅಂಟು ನೀರಿಗೆ ಚೆನ್ನಾಗಿ ತಾಳುತ್ತದೆ, ಬೀಟೆಯಂಥ ಎಣ್ಣೆಮರಕ್ಕೂ ಹಿಡಿಯುತ್ತದೆ. ಸಂದು ತುಂಬಿದಂತೆ ಕಾಣುವ ಆ ನೊರೆಗೆ ಬಲವಿಲ್ಲ ಎಂಬುದನ್ನು ಮಾತ್ರ ಮರೆಯಬೇಡಿ. ಡಬ್ಬ ತೆರೆದ ಮೇಲೆ ಮಳೆಗಾಲದ ಗಾಳಿಗೇ ಒಳಗೆ ಗಟ್ಟಿಯಾಗುತ್ತದೆ, ಸಣ್ಣ ಡಬ್ಬ ತನ್ನಿ.

ಮೊಳೆಯೋ, ಸ್ಕ್ರೂವೋ, ಬಿದಿರೋ

ಕಬ್ಬಿಣದ ಮೊಳೆ ಜೋಡಣೆಯನ್ನು ಬಿಗಿಯುವುದಿಲ್ಲ, ಅಲ್ಲಾಟಕ್ಕೆ ಒಂದು ತಿರುಗಣಿ ಕೊಡುತ್ತದೆ. ತೇವಕ್ಕೆ ತುಕ್ಕು ಹಿಡಿದು ಸುತ್ತಲಿನ ಮರ ಕಪ್ಪಾಗಿ ಕೊಳೆಯುತ್ತದೆ. ಎಲ್ ಆಕಾರದ ಪಟ್ಟಿ, ಸ್ಕ್ರೂಗಳು ತಾತ್ಕಾಲಿಕ. ಅಲ್ಲಾಟ ಮುಂದುವರಿದು ಸ್ಕ್ರೂ ತೂತೇ ದೊಡ್ಡದಾಗುತ್ತದೆ.

ಬಡಗಿಗಳು ಹಿಂದಿನಿಂದ ಬಳಸುತ್ತ ಬಂದ ಬಿದಿರು ಮೊಳೆ ಇವೆರಡಕ್ಕಿಂತ ಎಷ್ಟೋ ಮೇಲು. ಚೆನ್ನಾಗಿ ಒಣಗಿದ ಬಿದಿರಿನ ಹೊರಸಿಪ್ಪೆಯ ಕಡೆಯ ಗಟ್ಟಿ ಭಾಗದಿಂದ 6 ಮಿ.ಮೀ. ಕಡ್ಡಿ ಸೀಳಿ, ತುದಿ ಸ್ವಲ್ಪ ಚೂಪು ಮಾಡಿ. ಅಂಟು ಹಾಕಿ ಕ್ಲ್ಯಾಂಪ್ ಬಿಗಿದ ಮೇಲೆ ಕಾಲಿನ ಪಕ್ಕದಿಂದ ನಾಲಿಗೆಯನ್ನು ಹಾದುಹೋಗುವಂತೆ ತೂತು ಕೊರೆದು ಹೊಡೆಯಿರಿ. ಅಂಟು ಎಂದಾದರೂ ಬಿಟ್ಟರೂ ನಾಲಿಗೆ ಹೊರಗೆ ಬರುವುದಿಲ್ಲ. ಬಿಚ್ಚಬೇಕಾದರೆ ಅದೇ ಗಾತ್ರದ ಬಿಟ್ಟಿನಿಂದ ಕೊರೆದು ತೆಗೆದರಾಯಿತು.

ನಾಲಿಗೆ ಕಾಲಿನ ಆಚೆ ಬದಿಗೆ ತೋರುವಂತಿದ್ದರೆ ಅದರ ತುದಿ ಸೀಳಿ ಬೆಣೆ ಹೊಡೆಯಬಹುದು. ಬೆಣೆಯ ಅಗಲ ಕಾಲಿನ ಎಳೆಗೆ ಅಡ್ಡಲಾಗಿರಬೇಕು. ಎಳೆಯ ಗುಂಟ ಕೂರಿಸಿದರೆ ಬೆಣೆ ಕಾಲನ್ನೇ ಸೀಳುತ್ತದೆ.

ಕ್ಲ್ಯಾಂಪ್ ಇಲ್ಲದಿದ್ದರೆ

ಉದ್ದದ ಕ್ಲ್ಯಾಂಪ್ ಎಲ್ಲರ ಮನೆಯಲ್ಲೂ ಇರುವುದಿಲ್ಲ. ಹಳೆಯ ಸೈಕಲ್ ಟ್ಯೂಬನ್ನು ಎರಡಿಂಚು ಅಗಲದ ಪಟ್ಟಿಯಾಗಿ ಕತ್ತರಿಸಿ, ಎಳೆದೆಳೆದು ನಾಲ್ಕು ಕಾಲಿನ ಸುತ್ತ ಐದಾರು ಸುತ್ತು ಹಾಕಿದರೆ ಒಳ್ಳೆಯ ಒತ್ತಡ ಸಿಗುತ್ತದೆ. ಹಗ್ಗವಾದರೆ ಎರಡು ಸುತ್ತು ಕಟ್ಟಿ ನಡುವೆ ಕೋಲು ತೂರಿಸಿ ತಿರುಚಿ. ಕಾಲಿಗೆ ಹಗ್ಗ ತಾಗುವ ಕಡೆ ರಟ್ಟು ಇಡಿ. ಕುರ್ಚಿಯನ್ನು ಸಮವಾದ ನೆಲದ ಮೇಲೆ ನಿಲ್ಲಿಸಿ, ಕೂರುವ ಚೌಕಟ್ಟಿನ ಕರ್ಣಗಳನ್ನು ಅಳೆಯಿರಿ. ಹಿಂಭಾಗ ಕಿರಿದಾಗಿರುವ ಕುರ್ಚಿಯಲ್ಲೂ ಎರಡು ಕರ್ಣಗಳು ಸಮನಾಗಿರಬೇಕು. ಮೂರು ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಅಂಟು ಹಸಿಯಿರುವಾಗಲೇ ಉದ್ದವಿರುವ ಕರ್ಣದ ಕಡೆಯಿಂದ ಒತ್ತಿ ಸರಿಪಡಿಸಿ. ಒಣಗಿದ ಮೇಲೆ ಕುಂಟುವ ಕುರ್ಚಿಯ ಕಾಲು ಕತ್ತರಿಸಿ ಸಮ ಮಾಡಬೇಕಾಗುತ್ತದೆ.

ಬೇರೆ ಸಾಮಾನುಗಳಿಗೆ

ಮಂಚದ ಕಾಲಿಗೂ ಉದ್ದದ ಪಟ್ಟಿಗೂ ಅಂಟು ಬೇಡ. ಮನೆ ಬದಲಿಸುವಾಗ ಬಿಚ್ಚಲೇಬೇಕು. ಅಲ್ಲಿ ಬೋಲ್ಟ್, ಅಗಲದ ವಾಷರ್ ಹಾಕಿ, ಪ್ರತಿ ಬೇಸಿಗೆಯಲ್ಲಿ ಮರ ಕುಗ್ಗಿದಾಗ ಒಮ್ಮೆ ಬಿಗಿ ಮಾಡಿ.

ಉಯ್ಯಾಲೆಯ ಹಲಗೆ ಸೀಳಿದ್ದರೆ ಯಾವ ಅಂಟನ್ನೂ ನಂಬಿ ಮಕ್ಕಳನ್ನು ಕೂರಿಸಬೇಡಿ, ಹಲಗೆ ಬದಲಿಸಿ. ಸರಪಳಿಯ ಕೊಂಡಿ ಹಲಗೆಯ ಪೂರ್ತಿ ದಪ್ಪಕ್ಕೆ ಹಾದು ಕೆಳಗೆ ನಟ್, ವಾಷರ್ ಕೂರಬೇಕು.

ಚಪಾತಿ ಮಣೆ ಎರಡು ಹೋಳಾದರೆ ಡಿ3 ಬಿಳಿ ಅಂಟಿನಿಂದ ಕೂಡಿಸಬಹುದು. ಸಂದಿಗೆ ಎಪಾಕ್ಸಿ ತುಂಬಿ ಅದರ ಮೇಲೆ ಹಿಟ್ಟು ಲಟ್ಟಿಸುವುದು ಬೇಡ. ಒಂದೇ ತುಂಡಿನ ಹೊಸ ಮಣೆ ದುಬಾರಿಯೇನಲ್ಲ.

ಬಾಗಿಲಿನ ಕೀಲಿನ ಸ್ಕ್ರೂ ಸುತ್ತುತ್ತಲೇ ಇದ್ದು ಹಿಡಿಯದಿದ್ದರೆ: ಗಟ್ಟಿ ಮರವಾದರೆ ತೂತಿಗೆ ಬಿಳಿ ಅಂಟಿನಲ್ಲಿ ಅದ್ದಿದ ಬಿದಿರು ಕಡ್ಡಿಗಳನ್ನು ಬಿಗಿಯಾಗಿ ತುಂಬಿ, ಮರುದಿನ ಸ್ಕ್ರೂವಿನ ಒಳದಪ್ಪದಷ್ಟು ತೂತು ಕೊರೆದು ಹಾಕಿ. ಬೆಂಕಿಕಡ್ಡಿ ಮೆದು ಮರದ್ದು, ಭಾರದ ಬಾಗಿಲಿಗೆ ಸಾಲದು. ಪಾರ್ಟಿಕಲ್ ಬೋರ್ಡ್ ಆದರೆ, ನೀರು ಕುಡಿದು ಉಬ್ಬಿದ ಭಾಗಕ್ಕೆ ಏನೇ ತುಂಬಿದರೂ ಸುತ್ತಲಿನದು ಉದುರುತ್ತದೆ. ಪುಡಿಯಾದದ್ದನ್ನು ಗಟ್ಟಿ ಸಿಗುವವರೆಗೆ ಕೆತ್ತಿ ತೆಗೆದು, ಅಲ್ಲಿಗೆ ಗಟ್ಟಿ ಮರದ ತುಂಡನ್ನು ಎಪಾಕ್ಸಿಯಿಂದ ಕೂರಿಸಿ, ಸ್ಕ್ರೂವನ್ನು ಆ ತುಂಡಿಗೆ ಹಾಕಿ.

ಊಟದ ಮೇಜಿನ ಅಗಲದ ಹಲಗೆಯನ್ನು ಕೆಳಗಿನ ಚೌಕಟ್ಟಿಗೆ ಯಾವ ಅಂಟಿನಿಂದಲೂ ಅಂಟಿಸಬಾರದು. 900 ಮಿ.ಮೀ. ಅಗಲದ ಸಾದಾ ಕೊಯ್ತದ ತೇಗದ ಹಲಗೆ, ತೇವ ಶೇ 6ರಷ್ಟು ಬದಲಾದರೂ ಸುಮಾರು 10 ಮಿ.ಮೀ. ಹಿಗ್ಗುತ್ತದೆ ಇಲ್ಲವೇ ಕುಗ್ಗುತ್ತದೆ. ಅಂಟು ಬಿಡದಷ್ಟು ಗಟ್ಟಿಯಾಗಿದ್ದರೆ ಹಲಗೆಯೇ ಬಾಯಿಬಿಡುತ್ತದೆ. ಚೌಕಟ್ಟಿನ ಕೆಳಗಿನಿಂದ ಸ್ಕ್ರೂ ಹಾಕಿ. ಸ್ಕ್ರೂ ತೂತನ್ನು ಹಲಗೆಯ ಅಗಲದ ದಿಕ್ಕಿಗೆ ಉದ್ದವಾಗಿ, ಮಧ್ಯದಿಂದ ಆಚೀಚೆ ಐದಾರು ಮಿ.ಮೀ. ಸರಿಯಲು ಜಾಗವಿರುವಂತೆ ಅರದಿಂದ ಉಜ್ಜಿ, ವಾಷರ್ ಇಟ್ಟು ಬಿಗಿಯಿರಿ. ಕೈಯಿಂದ ಬಲವಾಗಿ ತಳ್ಳಿದರೆ ಹಲಗೆ ಕೂದಲೆಳೆಯಷ್ಟು ಸರಿಯುವಷ್ಟೇ ಬಿಗಿ ಸಾಕು.